ಊರಿನಿಂದ ಬಂದ ಹೆಸರು

ಮಕ್ಕಳೇ, ಗಡಿಗೆ ಮಾಡುವವನನ್ನು ಏನೆನ್ನುವಿರಿ? ಕುಂಬಾರ. ಸಂಸ್ಕೃತದ ‘ಕುಂಭಕಾರ’ ಎಂಬ ಶಬ್ದವೇ ಸವೆದು ಕನ್ನಡದಲ್ಲಿ ಕುಂಬಾರ, ಮರಾಠಿಯಲ್ಲಿ ಕುಂಭಾರ ಆಯಿತು. ಬಳೆ ಮಾರುವವನು ಬಳೆಗಾರ. ಇವರ ಹೆಸರು ಕೇಳಿದ ಕೂಡಲೇ ಕೆಲಸ ತಿಳಿಯುತ್ತದೆ.

ಇಂಗ್ಲಿಷಿನಲ್ಲಿ ‘ಮಿಲಿನರ್’ ಎಂಬ ಶಬ್ದವಿದೆ. ಹೆಂಗಸರ ಟೊಪ್ಪಿಗೆಗಳನ್ನು ಮಾಡುವವರು ಅಥವಾ ಮಾರುವವರು ಎಂದು ಅದರ ಅರ್ಥ. ಗಂಡಸರ ಟೊಪ್ಪಿಗೆ ಮಾಡುವವನು ಬೇರೆ, ಅವನು ಹ್ಯಾಟರ್. ಮಿಲಿನರ್ ಎಂದರೆ ಸೊಲ್ಲಾಪುರದ ಬಟ್ಟೆ ಮಿಲ್ಲುಗಳು ನೆನಪಾಗುತ್ತವೆ, ಅಲ್ಲವೇ? ಮಿಲ್ ಎಂದರೆ ಗಿರಣಿ. ಆದರೆ ಮಿಲಿನರನಿಗೂ ಗಿರಣಿಗೂ ಸಂಬಂಧವೇ ಇಲ್ಲ. ಆ ಶಬ್ದದಲ್ಲಿ ಟೊಪ್ಪಿಗೆಯೂ ಇಲ್ಲ. ಇರುವುದು ಒಂದು ಊರು!

ಇಟಲಿ ದೇಶದ ಉತ್ತರ ಭಾಗದಲ್ಲಿ ಮಿಲಾನ್ ಎಂಬ ನಗರವಿದೆ. ಸುಮಾರು 500 ವರ್ಷಗಳ ಹಿಂದೆ ಅಲ್ಲಿಯ ಕೈಗವಸು, ರಿಬ್ಬನ್, ಟೊಪ್ಪಿಗೆಗಳಿಗೆ ಇಂಗ್ಲೆಂಡಿನಲ್ಲಿ ಬೇಡಿಕೆಯಿತ್ತು. ಮಿಲಾನಿನವನನ್ನು ಇಂಗ್ಲಿಷರು ‘ಮಿಲಾನರ್’ ಎಂದರು. ಮುಂದೆ ಅಂಥ ಸಾಮಾನು ಮಾರುವ ಅಂಗಡಿಯವನೂ, ಅವನು ಯಾವ ಊರಿನವನೇ ಆಗಿರಲಿ, ಮಿಲಿನರ್ ಆದನು. ಕಾಲ ಕಳೆದಂತೆ ರಿಬ್ಬನ್, ಕೈಗವಸು ಹಿಂದೆ ಬಿದ್ದವು. ಟೊಪ್ಪಿಗೆಯೊಂದೇ ಆ ಹೆಸರಿಗೆ ಅಂಟಿಕೊಂಡಿತು.

ಉಮರ್ಗಾ, ನಿಲಂಗಾ, ಉದಗೀರ ಭಾಗದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರು ನೀವು! ಮರಾಠಿಯಲ್ಲಿ ಊರ ಹೆಸರಿಗೆ ‘ಕರ’ ಸೇರಿಸಿದರೆ ಆ ಊರಿನವರು ಎಂದಾಗುತ್ತದೆ. ಉದಗೀರದವರು ಉದಗೀರಕರ. 1985ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾದವರ ಹೆಸರು ಶಿವಾಜಿರಾವ ಪಾಟೀಲ ನಿಲಂಗೇಕರ. ಹಾಗಾದರೆ ಮಿಲಿನರ್ ಎಂದರೆ ಮೂಲದಲ್ಲಿ ‘ಮಿಲಾನಕರ’!

ವಸ್ತುಗಳಿಗೂ ಹೀಗೆ ಹೆಸರು ಬರುತ್ತದೆ. ಪೈಠಣದ ಸೀರೆ ಪೈಠಣಿ. ಉದಗೀರದಲ್ಲಿ ರೈಲು ಹತ್ತಿ ಭಾಲ್ಕಿ ದಾಟಿದರೆ ಬೀದರ ಬರುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಮಣ್ಣಿನ ಸಹಾಯದಿಂದ ಕಪ್ಪೇರಿಸುವ ಅಲ್ಲಿಯ ಕೆಲಸವೇ ಬಿದರಿ. ಅದನ್ನು ಹೈದರಾಬಾದಿನಲ್ಲಿ ಮಾಡಿದರೂ ಬಿದರಿಯೇ.

ನಿಮ್ಮ ವರ್ಗದ ಹಾಜರಿ ಪುಸ್ತಕದಲ್ಲಿ ಎಷ್ಟು ಊರುಗಳು ಅಡಗಿವೆ? ಗುರುಗಳನ್ನು ಕೇಳಿ ಎಣಿಸಿರಿ. ಹೆಸರಿನಲ್ಲಿರುವ ಊರಿನಲ್ಲಿ ಆ ಮನೆಯವರು ಈಗ ಇರಲಿಕ್ಕಿಲ್ಲ. ಅವರು ಆ ಊರನ್ನು ಯಾವಾಗ, ಏಕೆ ಬಿಟ್ಟರು? ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿರಿ.