ಓದುಗರ ಪ್ರಶ್ನೆ: ಸರ್ವರ್‌ನಲ್ಲೇ ಊರ ಹೆಸರು ಬದಲಿಸಬಹುದೆ?

ಪ್ರಶ್ನೆ: ನಮ್ಮ ಊರಿನ ಇತಿಹಾಸದ ಜಾಲತಾಣದಲ್ಲಿ ಕೆಲವು ಕಡೆ ‘ಆದವಾನಿ’, ಕೆಲವು ಕಡೆ ‘ಆದೋನಿ’ ಎಂದಿದೆ. ಸರ್ವರ್‌ಗೆ ಒಂದು ಪ್ಲಗಿನ್ ಹಾಕಿದರೆ ಎಲ್ಲ ಒಂದೇ ಆಗುತ್ತದೆ ಎನ್ನುತ್ತಾರೆ. ಮೂಲ ಕಡತ ಕೆಡುವುದಿಲ್ಲವೆ? ‘ಬಳ್ಳಾರಿ’ ಎಂದಿರುವಲ್ಲೆಲ್ಲ ‘ಕರ್ನೂಲು’ ಮಾಡಬಹುದೆ?
— ಓದುಗರು, ಆದೋನಿ

ಉತ್ತರ: ಕಡತ ಕೆಡುವುದಿಲ್ಲ. ಅಪಾಚೆ ಸರ್ವರ್‌ನಲ್ಲಿ ‘ಮಾಡ್ ಸಬ್‌ಸ್ಟಿಟ್ಯೂಟ್’, ಎಂಜಿನ್‌ಎಕ್ಸ್‌ನಲ್ಲಿ ‘ಸಬ್ ಫಿಲ್ಟರ್’ ಈ ಕೆಲಸ ಮಾಡುತ್ತವೆ. ಪುಟ ಸರ್ವರ್‌ನಿಂದ ಹೊರಟು ಓದುಗರ ಬ್ರೌಸರ್ ಸೇರುವ ಮುನ್ನ, ಆ ಪ್ರತಿಯಲ್ಲಿ ಮಾತ್ರ ಪದ ಬದಲಾಗುತ್ತದೆ. ಬೇಡವೆನಿಸಿದರೆ ಆ ಸಾಲು ತೆಗೆದು ಸರ್ವರ್ ರೀಲೋಡ್ ಮಾಡಿದರಾಯಿತು. ಆದರೆ ಡೇಟಾಬೇಸ್‌ನಲ್ಲಿ ಹಳೆಯ ಪದವೇ ಉಳಿದಿರುವುದರಿಂದ, ನಿಮ್ಮ ತಾಣದ ಹುಡುಕು ಪೆಟ್ಟಿಗೆಯಲ್ಲಿ ‘ಆದೋನಿ’ ಎಂದು ಕೊಟ್ಟರೆ ‘ಆದವಾನಿ’ ಇರುವ ಪುಟಗಳು ಸಿಗುವುದಿಲ್ಲ.

ಎಂಜಿನ್‌ಎಕ್ಸ್ ಬಳಸುವವರು ಎರಡು ಕಡೆ ಎಡವುತ್ತಾರೆ. ಬೇರೆ ಹೇಳದಿದ್ದರೆ ಅದು ಪದವನ್ನು ಪುಟಕ್ಕೆ ಒಮ್ಮೆ ಮಾತ್ರ ಬದಲಿಸುತ್ತದೆ. ‘ಸಬ್ ಫಿಲ್ಟರ್ ಒನ್ಸ್’ ಎಂಬುದನ್ನು ಆಫ್ ಮಾಡಬೇಕು. ಹಿಂದಿನ ಸರ್ವರ್‌ನಿಂದ ಪುಟ ಜಿಜಿಪ್ ಆಗಿ ಕುಗ್ಗಿ ಬಂದರೆ ಅದರೊಳಗಿನ ಅಕ್ಷರ ಇದಕ್ಕೆ ಕಾಣುವುದೇ ಇಲ್ಲ.

ಕನ್ನಡದ ತೊಡಕು ಬೇರೆಯೇ ಇದೆ. ಈ ಪ್ಲಗಿನ್ ನೋಡುವುದು ಬೈಟ್‌ಗಳನ್ನು. ‘ದೋ’ದಲ್ಲಿರುವ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಮೊದಲನೆಯದು 3 ಬೈಟ್, ಎರಡನೆಯದು 9 ಬೈಟ್. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹುಡುಕುವಾಗ ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ‘ಆದವಾನಿ’ಯಲ್ಲಿ ಓಕಾರವಿಲ್ಲದ ಕಾರಣ ನಿಮಗೆ ಈ ಕಾಟವಿಲ್ಲ. ಎರಡು ಹೆಸರೂ ‘ನಿ’ಯಲ್ಲೇ ಮುಗಿಯುವುದರಿಂದ ‘ಆದವಾನಿಯಲ್ಲಿ’ ಎಂಬುದು ‘ಆದೋನಿಯಲ್ಲಿ’ ಎಂದು ಸರಿಯಾಗಿಯೇ ಬರುತ್ತದೆ.

ಬಳ್ಳಾರಿಯ ಮಾತು ಹಾಗಲ್ಲ. ‘ಬಳ್ಳಾರಿಯಲ್ಲಿ’ ಎಂದಿರುವುದು ‘ಕರ್ನೂಲುಯಲ್ಲಿ’ ಆಗುತ್ತದೆ. ‘ಕರ್ನೂಲಿನಲ್ಲಿ’ ಎನ್ನಬೇಕೆಂಬ ವಿಭಕ್ತಿಯ ನಿಯಮ ಪ್ಲಗಿನ್‌ಗೆ ಗೊತ್ತಿಲ್ಲ. ವ್ಯಾಕರಣವನ್ನಾದರೂ ಹೇಗೋ ಸರಿಪಡಿಸಬಹುದು, ಚರಿತ್ರೆ ಕೆಟ್ಟರೆ ಕಷ್ಟ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರಕ್ಕೂ ಸೇರಿದವು. ಬಳ್ಳಾರಿ ಮೈಸೂರಿಗೆ ಬಂತು. ಅದಕ್ಕೂ ಹಿಂದಿನ ಕಾಗದಪತ್ರದಲ್ಲಿ ‘ಬಳ್ಳಾರಿ ಜಿಲ್ಲೆ, ಆದವಾನಿ ತಾಲೂಕು’ ಎಂದಿದ್ದರೆ ಅದು ಸರಿಯೇ. ಅದನ್ನು ಕರ್ನೂಲು ಮಾಡಿದರೆ ನಿಮ್ಮ ಊರಿನ ಕನ್ನಡ ಮನೆತನಗಳಿಗೆ ಬಳ್ಳಾರಿಯೊಂದಿಗಿದ್ದ ಆಡಳಿತದ ನಂಟು ದಾಖಲೆಯಿಂದಲೇ ಅಳಿಸಿಹೋಗುತ್ತದೆ. 1930ರ ದಶಕದ ಜಮೀನು ಪತ್ರವೊಂದನ್ನು ಹುಡುಕುವ ಮೊಮ್ಮಗ ಬಳ್ಳಾರಿ ಕಚೇರಿಯಲ್ಲಿ ವಿಚಾರಿಸುವ ಬದಲು ಬೇರೆಲ್ಲೋ ಅಲೆದಾನು.

ಆದ್ದರಿಂದ ಆದವಾನಿ–ಆದೋನಿ ಬದಲಾವಣೆಯನ್ನು ಪ್ಲಗಿನ್‌ಗೆ ಬಿಡಿ, ಅದೂ ಇಂದಿನ ಸುದ್ದಿ, ವಿಳಾಸಗಳಿರುವ ಪುಟಗಳಿಗೆ ಮಾತ್ರ. ಹಳೆಯ ದಾಖಲೆಗಳನ್ನು ಬೇರೆ ಫೋಲ್ಡರ್‌ನಲ್ಲಿಟ್ಟು ಆ ಹಾದಿಗೆ ಈ ನಿಯಮ ತಗಲದಂತೆ ನೋಡಿಕೊಳ್ಳಿ. ಬಳ್ಳಾರಿಯನ್ನು ಮಾತ್ರ ಮುಟ್ಟಬೇಡಿ. ನಿಜವಾಗಿಯೂ ತಪ್ಪಿರುವ ಕಡೆ, ಬ್ಯಾಕಪ್ ತೆಗೆದುಕೊಂಡು, ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಯಾರೆ ತಿದ್ದಿ.