ಬಾಣ ಬರ್ತೈತಿ, ಮೊದಲ ಗಂಟು ಕಲಿ

ತಮ್ಮಾ, ಒಂಬತ್ತು ತುಂಬಿ ಹತ್ತರಾಗ ಕಾಲಿಟ್ಟೀದಿ. ಹುಟ್ಟಿದ ದಿನ ಬರೂದ್ರೊಳಗ ಗೋಲ್ಡನ್ ಆ್ಯರೋ ಬಿಲ್ಲೆ ಬೇಕಂತ ಹಟ ಹಿಡದೀದಿ. ಹಟ ಇರ್ಲಿ, ಹಟ ಇದ್ದಾವ್ನ ಮುಂದ ಬರ್ತಾನ. ಆದ್ರ ನಿನ್ನ ಅವಸರ ನೋಡಿದ್ರ ನನಗ ಅಂಜಿಕಿ ಬರ್ತೈತಿ.

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನವ್ರು ಮೆಟ್ಟಲಾ ಸುಮ್ನ ಇಟ್ಟಿಲ್ಲ. ನಿನ್ನಂಗ ಸಣ್ಣವ್ರ ವಿಭಾಗದಾಗ ಕಬ್ ಆದವ್ಗ ಮೊದಲ ಪ್ರವೇಶ, ಆಮ್ಯಾಲ ಪ್ರಥಮ, ದ್ವಿತೀಯ, ತೃತೀಯ, ಚತುರ್ಥ ಚರಣ. ಅದೆಲ್ಲಾ ದಾಟಿದ ಮ್ಯಾಲ ಆ ಬಾಣ. ನಿನ್ನ ತಂಗಿ ಸಣ್ಣ ಹುಡುಗ್ಯಾರ ಬುಲ್‌ಬುಲ್‌ಗೆ ಸೇರಿದ್ರ ಅಕಿಗೆ ಕೋಮಲ, ರಜತ, ಸ್ವರ್ಣ, ಹೀರಕ ಪಂಖ. ನಡುವ ಇಂತಿಷ್ಟು ತಿಂಗಳು ಕಾಯ್ಬೇಕು. ಆ ತಿಂಗಳೊಳಗ ಕೈ ಪಳಗಬೇಕು, ಅದಕ್ಕ ಕಾಯ್ಸೂದು.

ಮೊನ್ನಿ ರೀಫ್ ಗಂಟು ಹಾಕಿ ತೋರಿಸಿದ್ಯಲ್ಲ? ಬಲದ ತುದಿ ಎಡದ ಮ್ಯಾಲ ಹಾಕಿದಿ, ಸರಿ. ಎರಡ್ನೇ ಸಲಾನೂ ಬಲದ್ದ ಮ್ಯಾಲ ಹಾಕಿದಿ. ಅಲ್ಲೇ ಕೆಡ್ತು. ಎರಡ್ನೇ ಸಲ ಎಡದ್ದು ಬಲದ್ದರ ಮ್ಯಾಲ ಬರ್ಬೇಕಪಾ. ಆಗ ಗಂಟು ಚಪ್ಪಟಿ ಕೂಡ್ತೈತಿ, ಚರ್ಮಕ್ಕ ಒತ್ತೂದಿಲ್ಲ, ಬಿಚ್ಚಬೇಕಂದ್ರ ಸಲೀಸ ಬಿಚ್ಚತೈತಿ. ನೀ ಹಾಕಿದ್ದು ನೋಡಾಕ ಗಂಟಿನಂಗ ಇತ್ತು, ಎಳದ್ರ ಸರೀತಿತ್ತು. ಮುಂದ ಸಿದ್ಧಾರೂಢ ಮಠದ ಜಾತ್ರಿಯೊಳಗ ಸೇವಾಕ್ಕ ನಿಂತಾಗ ಯಾರರೆ ಬಿದ್ದು ಕೈ ಮುರಕೊಂಡ್ರ, ನಿನ್ನ ಸ್ಕಾರ್ಫ್ ಬಿಚ್ಚಿ ಅವರ ಕೊಳ್ಳಿಗೆ ಜೋಳಿಗಿ ಕಟ್ಟಬೇಕಾಗ್ತೈತಿ. ಆಗ ಅವರು ನಿನ್ನ ಬಿಲ್ಲೆ ನೋಡೂದಿಲ್ಲ.

ಇನ್ನೊಂದು ಮಾತು. ನಿನ್ನ ಲಾಗ್ ಬುಕ್ಕಿನಾಗ ಅಕ್ಷರ ಭಾಳ ದುಂಡಗದಾವು. ನಿಮ್ಮವ್ವನ ಕೈ ನನಗ ಗೊತ್ತಿಲ್ಲೇನು? ಒಕ್ರ ಮೊಕ್ರ ಆದ್ರೂ ನೀನ ಬರಿ. ದಿನಕ್ಕೊಂದು ಒಳ್ಳೇ ಕೆಲಸ ಅಂತ ಬರಿಯೂದೈತಲ್ಲ, ಮಾಡಿದ್ದ ಬರಿ. ಓಣಿಯೊಳಗ ಆಯಿ ನೀರಿನ ಕೊಡ ಎತ್ತಾಕ ಆಗದ ನಿಂತಾಗ ನೀ ಸೈಕಲ್ ತುಳ್ಕೊಂಡ ಹೋದ್ರ, ಆ ದಿನದ ಸಾಲು ಖಾಲಿ ಬಿಡು.

ನಿಮ್ಮಪ್ಪ ಅಂತೂ ಆಗ್ಲೇ ರಾಷ್ಟ್ರಪತಿ ಪ್ರಶಸ್ತಿ, ರೈಲ್ವೆಯೊಳಗ ಸ್ಕೌಟ್ ಕೋಟಾದ ನೌಕರಿ ಅಂತ ಲೆಕ್ಕ ಹಾಕ್ಯಾನ. ನೈರುತ್ಯ ರೈಲ್ವೆ ಹೆಡ್ ಆಫೀಸ್ ನಮ್ಮ ಹುಬ್ಬಳ್ಳಿಯೊಳಗ ಇದ್ದದ್ದಕ್ಕ ಆ ಆಸೆ ಸಹಜ. ಆ ಕೋಟಾ ಖರೇ ಐತಿ, ಅದರಿಂದ ಮನಿ ನಡದವೂ ಅದಾವು. ಆದ್ರ ಅಲ್ಲೀತನ ನೀ ಸ್ಕೌಟ್ ಆಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮ್ಯಾಲ ರಾಜ್ಯ ಪುರಸ್ಕಾರ, ಎಷ್ಟು ದಾರಿ ಐತಿ! ಒಂಬತ್ತನೇ ವಯಸ್ಸಿಗೆ ಅದನ್ನ ತಲಿಮ್ಯಾಗ ಹೊರಬ್ಯಾಡ.

ಅವಸರ ನಿನ್ನೊಬ್ಬಂದ ಅಲ್ಲ ಬಿಡು. ಅಣ್ಣಗೋಳು ಸ್ಕೌಟ್ ಆಗಿದ್ದು ನೋಡಿ ತಮ್ಮಗೋಳು ನಮ್ಮನ್ನೂ ಸೇರಿಸ್ಕೋರಿ ಅಂತ ಬೆನ್ನು ಹತ್ತಿದ್ದಕ್ಕ ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ 1916ರಾಗ ಕಬ್ ವಿಭಾಗ ಸುರು ಮಾಡಿದ. ಸಣ್ಣವ್ರಿಗೆ ದೊಡ್ಡವ್ರ ಪಾಠ ಕೊಡಲಿಲ್ಲ. ಮೌಗ್ಲಿ, ಅಕೇಲಾ ಇರೂ ಕಾಡಿನ ಕತಿ ಕೊಟ್ಟ, ಆಟ ಕೊಟ್ಟ. ಆ ಆಟ ನಿನಗ ಹತ್ತು ತುಂಬೂತನ ಅಷ್ಟ ಸಿಗ್ತೈತಿ. ಅದನ್ನ ಬಿಟ್ಟು ಬರೇ ಬಿಲ್ಲೆ ಎಣಸ್ಕೋತ ಕುಂದ್ರಬ್ಯಾಡ.

ಬರೂ ಐತ್ವಾರ ಸ್ಕಾರ್ಫ್ ತಗೊಂಡ ಬಾ. ನನ್ನ ಕೈಗೆ ಜೋಳಿಗಿ ಕಟ್ಟು. ಗಂಟು ಬೆನ್ನೆಲಬಿನ ಮ್ಯಾಲ ಬರ್ಬಾರ್ದು, ಕೊಳ್ಳಿನ ಬಾಜೂಕ ಬರ್ಬೇಕು. ನಾ ಎಳದು ನೋಡ್ತೀನಿ.