ಹಪ್ಪಳದ ಕಟ್ಟಿಗೆ ವೆಬ್‌ಸೈಟ್ ಬೇಕೇ?

ಪ್ರಶ್ನೆ: ಬೆಳ್ತಂಗಡಿ ತಾಲೂಕಿನವಳು. ಐದು ವರ್ಷದಿಂದ ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇನೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಿದರೆ ಕೆಲವರು ಕೊಳ್ಳುತ್ತಾರೆ, ಆದರೆ ಮತ್ತೆ ಕೇಳುವುದಿಲ್ಲ. ಮೂಡುಬಿದಿರೆಯ ಗೆಳತಿಯದು ಹಳೇ ಫೋನ್. ಆದರೂ ಅವಳ ಉಪ್ಪಿನಕಾಯಿ ಬೆಂಗಳೂರಿಗೆ ಹೋಗುತ್ತಿದೆ. ಸಂಘದಲ್ಲಿ ಐವತ್ತು ಸಾವಿರ ಸಾಲ ತೆಗೆದು ವೆಬ್‌ಸೈಟ್ ಮಾಡಿಸು ಎನ್ನುತ್ತಾನೆ ಬಂಟ್ವಾಳದ ತಮ್ಮ. ಮಾಡಿಸಲೇ?

ಉತ್ತರ: ಈಗ ಬೇಡ ಅಕ್ಕ. ನಿಮ್ಮ ಪತ್ರ ಓದುವಾಗ ‘ಮತ್ತೆ ಕೇಳುವುದಿಲ್ಲ’ ಎಂಬಲ್ಲಿಗೆ ಬಂದು ನಿಂತೆ. ನಿಮ್ಮ ಹಪ್ಪಳ ಜನರ ಕಣ್ಣಿಗೆ ಬಿದ್ದಿದೆ, ಅವರು ದುಡ್ಡೂ ಕೊಟ್ಟಿದ್ದಾರೆ. ಕಟ್ಟು ನಿಮ್ಮ ಮನೆ ಬಿಟ್ಟ ಮೇಲೆ ಏನಾಗುತ್ತಿದೆ ಎಂದು ನೋಡಿದ್ದೀರಾ? ತೆಳು ಪ್ಲಾಸ್ಟಿಕ್ಕಿನಲ್ಲಿ ಹೋದ ಹಪ್ಪಳ ದಾರಿಯಲ್ಲೇ ಚೂರಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕಳುಹಿಸಿದ್ದು ಮೆತ್ತಗಾಗಿ ತಲುಪುತ್ತದೆ. ಗಟ್ಟಿ ರಟ್ಟಿನ ಡಬ್ಬ, ಬಾಯಿ ಅಂಟಿಸುವ ಒಂದು ಸಣ್ಣ ಮೆಷಿನ್: ಮೊದಲ ದುಡ್ಡು ಇದಕ್ಕೆ ಹಾಕಿ.

ಗೆಳತಿಯ ಮನೆಯಲ್ಲಿ ಒಂದು ದಿನ ಕೂತು ಬನ್ನಿ. ರೇಟು ಕೇಳಿದವರಿಗೆ ಅವಳು ಎಷ್ಟು ಹೊತ್ತಿಗೆ ಉತ್ತರ ಕೊಡುತ್ತಾಳೆ, ಕೊಂಡವರ ಹೆಸರು ಎಲ್ಲಿ ಬರೆದಿಡುತ್ತಾಳೆ ಎಂದು ಗಮನಿಸಿ. ಆ ಅಭ್ಯಾಸವನ್ನು ಸಾಲದಲ್ಲಿ ಕೊಳ್ಳಲಾಗದು. ನಿಮ್ಮಲ್ಲಿ ಮಳೆಗೆ ನೆಟ್‌ವರ್ಕ್ ಹೋಗುವುದಾದರೆ, ನಿಮ್ಮ ಉತ್ತರ ತಡವಾದರೂ ಕೇಳಿದವರಿಗೆ ಕಾಣುವಂತೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ರೇಟು, ತೂಕ, ಅಂಚೆ ಖರ್ಚು ಎಲ್ಲ ಬರೆದಿಡಿ. ಅದಕ್ಕೆ ಕಾಸು ಬೇಕಿಲ್ಲ.

ಇನ್ನೊಂದು ಮಾತು ಸ್ವಲ್ಪ ಕಠಿಣವಾದೀತು. ಹಲಸು ಬಿಡುವುದು ಬೇಸಗೆಯಲ್ಲಿ, ಹಪ್ಪಳ ಒಣಗುವುದೂ ಆ ಬಿಸಿಲಿನಲ್ಲಿ. ಮೇ ಮುಗಿಯುವಾಗ ಎಷ್ಟು ಕಟ್ಟು ಉಳಿದಿದೆ ಎಂದು ಎಣಿಸಿಡದೆ ವರ್ಷವಿಡೀ ಆರ್ಡರ್ ಕೇಳಬೇಡಿ. ಒಮ್ಮೆ ‘ಮುಗಿದಿದೆ’ ಎಂದು ಕೇಳಿಸಿಕೊಂಡವರು ಬೇರೆ ಕಡೆ ಹೋಗುತ್ತಾರೆ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಲ್ಲವಾದರೆ ಮಾಡಿಸಿ. ಸಣ್ಣ ಪ್ರಮಾಣದಲ್ಲಿ ಮಾಡುವವರಿಗೆ ಶುಲ್ಕ ಕಡಿಮೆ. ಲೆಕ್ಕ, ಮಾರಾಟ ಕಲಿಯಲು ನಿಮ್ಮ ತಾಲೂಕಿನ ಉಜಿರೆಯಲ್ಲೇ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಶುರುವಾದದ್ದು, ತರಬೇತಿ ಉಚಿತ. ದೇಶದ ಜಿಲ್ಲೆ ಜಿಲ್ಲೆಯಲ್ಲಿರುವ ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೆ ಮಾದರಿಯಾದದ್ದೂ ಅದೇ. ಯಾವ ತರಬೇತಿ ಯಾವಾಗ ಇದೆ ಎಂದು ಕೇಳಿ ಬನ್ನಿ.

ಕೊಂಡವರೇ ತಿರುಗಿ ತಿರುಗಿ ಕೇಳಿ, ಬರೆದುಕೊಳ್ಳಲು ನಿಮಗೆ ಕೈ ಸಾಲದಾದಾಗ ವೆಬ್‌ಸೈಟಿನ ಮಾತಾಡೋಣ. ತಮ್ಮನ ಮೇಲೆ ಬೇಸರ ಬೇಡ, ಅಕ್ಕರೆಯಿಂದಲೇ ಹೇಳಿದ್ದಾನೆ. ಈ ವಾರ ಅವನ ವಿಳಾಸಕ್ಕೇ ಒಂದು ಕಟ್ಟು ಅಂಚೆಯಲ್ಲಿ ಕಳುಹಿಸಿ, ಬಿಚ್ಚಿದ ಕೂಡಲೇ ಫೋಟೊ ತೆಗೆದು ಕಳಿಸಲು ಹೇಳಿ.